ಓದದೆ ಬಂದವರಿಗೂ ಜಾಗವಿರುವ ಓದುಕೂಟ

ಪ್ರಶ್ನೆ: ಶಿವಮೊಗ್ಗದಲ್ಲಿ ನಾವು ಎಂಟು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಕಾದಂಬರಿಯ ಬಗ್ಗೆ ಮಾತಾಡುತ್ತೇವೆ. ಇತ್ತೀಚೆಗೆ ಅರ್ಧದಷ್ಟು ಜನ ಪುಸ್ತಕ ಮುಗಿಸಿಕೊಂಡು ಬರುವುದೇ ಇಲ್ಲ. ಓದಿಬಂದ ಇಬ್ಬರು ಭಾಷಣ ಮಾಡುತ್ತಾರೆ, ಉಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಸಿನಿಮಾ, ಹಾಡು, ಕ್ವಿಜ್, ಸಣ್ಣ ತಿರುಗಾಟ ಇಂಥವನ್ನು ಸೇರಿಸಿ ಕೂಟಕ್ಕೆ ಸ್ವಲ್ಪ ಖುಷಿ ತರಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು? ಮುಂದೆ ಬಡಾವಣೆಯ ಗ್ರಂಥಾಲಯದಲ್ಲಿ ಎಲ್ಲರಿಗೂ ತೆರೆದು ನಡೆಸಬಹುದೇ?

ಉತ್ತರ: ಮೊದಲು ಒಂದು ಬದಲಾವಣೆ ಮಾಡಿಕೊಳ್ಳಿ. ಪುಸ್ತಕವನ್ನು ಮನೆಯಲ್ಲಿ ಓದಿಬರುವ ನಿಯಮವನ್ನು ಕೆಲವು ತಿಂಗಳ ಮಟ್ಟಿಗೆ ಕೈಬಿಡಿ. ಓದುವುದು ಕೂಟದಲ್ಲೇ, ಎಲ್ಲರ ಎದುರಿಗೇ ನಡೆಯಲಿ. ನಾನೂರು ಪುಟದ ಕಾದಂಬರಿ ಓದದೆ ಬಂದವರಿಗೆ ನಾಚಿಕೆ, ಓದಿಬಂದವರಿಗೆ ಬೇಸರ. ಈ ಎರಡರ ನಡುವೆ ಮಾತು ಹುಟ್ಟುವುದಿಲ್ಲ. ಅದರ ಬದಲು ಹದಿನೈದು ಪುಟದ ಕಥೆಯನ್ನು ಅಲ್ಲೇ ಗಟ್ಟಿಯಾಗಿ ಓದಿದರೆ ಎಂಟೂ ಜನ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ. ಸಿನಿಮಾ, ಹಾಡು, ಕ್ವಿಜ್ ಎಲ್ಲವೂ ಆ ಓದಿನ ಮೇಲೆಯೇ ಕೂರಬೇಕು. ಓದು ಇಲ್ಲದೆ ಬರೀ ಸಿನಿಮಾ ಹಾಕಿದರೆ ಎರಡನೇ ತಿಂಗಳಿಗೆ ಅದು ಸಿನಿಮಾ ಕೂಟವಾಗಿರುತ್ತದೆ. ಅದೂ ತಪ್ಪೇನಲ್ಲ, ಆದರೆ ನೀವು ಕೇಳಿದ್ದು ಅದನ್ನಲ್ಲ.

ಲೆಕ್ಕ ಹೀಗಿದೆ. ಸಾಮಾನ್ಯ ಅಳತೆಯ ಪುಸ್ತಕದ ಒಂದು ಪುಟವನ್ನು ಆತುರವಿಲ್ಲದೆ ಗಟ್ಟಿಯಾಗಿ ಓದಲು ಎರಡರಿಂದ ಎರಡೂವರೆ ನಿಮಿಷ ಹಿಡಿಯುತ್ತದೆ. ಅಂದರೆ 15 ಪುಟದ ಕಥೆಗೆ ಸುಮಾರು 35 ನಿಮಿಷ. ಕೂತು ಕೇಳುವವರ ಗಮನ ನಲವತ್ತು ನಿಮಿಷ ದಾಟಿದರೆ ಸಡಿಲವಾಗುತ್ತದೆ, ಆದ್ದರಿಂದ 18 ಪುಟಕ್ಕಿಂತ ಉದ್ದದ ಕಥೆ ಬೇಡ. ಒಬ್ಬರೇ ಪೂರ್ತಿ ಓದುವುದೂ ಬೇಡ. ಎರಡೆರಡು ಪುಟಕ್ಕೆ ಓದುವವರು ಬದಲಾಗಲಿ, ಆದರೆ ಸಂಭಾಷಣೆಯ ಮಧ್ಯದಲ್ಲಿ ಬದಲಾಯಿಸಬೇಡಿ. ಯಾರು ಮಾತಾಡುತ್ತಿದ್ದಾರೆಂಬುದೇ ಕೇಳುವವರಿಗೆ ಕಳೆದುಹೋಗುತ್ತದೆ. ಕೈಬದಲಾಗುವ ಜಾಗಗಳನ್ನು ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಓದಲು ಹಿಂಜರಿಯುವವರಿಗೆ ಸಂಭಾಷಣೆ ಹೆಚ್ಚಿರುವ ಭಾಗ ಕೊಡಿ. ವರ್ಣನೆಗಿಂತ ಅದನ್ನು ಓದುವುದು ಸುಲಭ.

ಕಥೆ ಮತ್ತು ಸಿನಿಮಾ

ಕನ್ನಡದಲ್ಲಿ ಇದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಗಿರೀಶ್ ಕಾಸರವಳ್ಳಿಯವರ ಹಲವು ಚಿತ್ರಗಳಿಗೆ ಸಣ್ಣಕಥೆ, ನೀಳ್ಗತೆಗಳೇ ಮೂಲ. ಯು.ಆರ್. ಅನಂತಮೂರ್ತಿಯವರ ಕಥೆಯಿಂದ 1977ರ 'ಘಟಶ್ರಾದ್ಧ' ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ 'ತಬರನ ಕಥೆ', ವೈದೇಹಿಯವರ ಕಥೆಯಿಂದ 2008ರ 'ಗುಲಾಬಿ ಟಾಕೀಸು'. ಮೊದಲ ಸಲಕ್ಕೆ ಈ ಕೊನೆಯದನ್ನೇ ಹಿಡಿಯಿರಿ ಎಂದು ನನ್ನ ಸಲಹೆ, ಏಕೆಂದರೆ ಕಥೆಗೂ ಸಿನಿಮಾಕ್ಕೂ ನಡುವಿನ ದೂರ ಇದರಲ್ಲಿ ಬಹಳ. ವೈದೇಹಿಯವರ ಕಥೆಯಲ್ಲಿ ಗುಲಾಬಿ ಟಾಕೀಸು ಎಂಬುದು ಪುಟ್ಟ ಊರಿಗೆ ಬರುವ ಚಿತ್ರಮಂದಿರ. ಸಿನಿಮಾದಲ್ಲಿ ಗುಲಾಬಿ ಎಂಬುದು ಸಿನಿಮಾ ಹುಚ್ಚಿನ ಒಬ್ಬ ಸೂಲಗಿತ್ತಿಯ ಹೆಸರು. ಚಿತ್ರಮಂದಿರದ ಜಾಗಕ್ಕೆ ಆಕೆಯ ಗುಡಿಸಲಿನ ಬಣ್ಣದ ಟಿ.ವಿ. ಮತ್ತು ಡಿಶ್ ಆಂಟೆನಾ ಬಂದಿವೆ. ಕಾಲ 1990ರ ದಶಕದ ಕೊನೆಗೆ ಸರಿದಿದೆ, ಕುಂದಾಪುರ ಕಡೆಯ ಮೀನುಗಾರರ ಬದುಕು ಒಳಗೆ ಸೇರಿದೆ. ಗುಲಾಬಿಯ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಭಾನುವಾರ ಸಂಜೆ ನಾಲ್ಕಕ್ಕೆ ಕೂತರೆ ಏಳೂವರೆಯೊಳಗೆ ಮುಗಿಯುತ್ತದೆ. ಮೊದಲು ಕಥೆಯ ಓದು. ಓದು ಮುಗಿದ ಕೂಡಲೇ, ಯಾರೂ ಬಾಯಿ ಬಿಡುವ ಮೊದಲೇ, ಎಲ್ಲರ ಕೈಗೂ ಒಂದೊಂದು ಚೀಟಿ ಕೊಡಿ. ಅದರಲ್ಲಿ ಮೂರು ಪ್ರಶ್ನೆ: ಸಿನಿಮಾದವರು ಈ ಕಥೆಯಲ್ಲಿ ಯಾವುದನ್ನು ಬಿಟ್ಟಿರುತ್ತಾರೆ? ಏನನ್ನು ಹೊಸದಾಗಿ ತಂದಿರುತ್ತಾರೆ? ಮೊದಲ ದೃಶ್ಯದಲ್ಲಿ ಏನು ಕಾಣಿಸುತ್ತದೆ? ಹತ್ತು ನಿಮಿಷ ಬರೆಯಲು ಬಿಡಿ. ಸಿನಿಮಾವನ್ನು ಮೊದಲೇ ನೋಡಿದವರು ಇದ್ದರೆ ಅವರಿಗೆ ಚೀಟಿ ಬೇಡ, ಕೊನೆಯಲ್ಲಿ ಅಂಕ ಕೊಡುವ ಕೆಲಸ ಅವರದು. ಚೀಟಿಗಳನ್ನು ಒಂದು ಡಬ್ಬಿಗೆ ಹಾಕಿ ಸಿನಿಮಾ ಶುರು ಮಾಡಿ. ಮುಗಿದ ಮೇಲೆ ಡಬ್ಬಿ ತೆರೆದು ಒಂದೊಂದೇ ಓದಿ.

ಚೀಟಿಯಿಂದ ಆಗುವ ಲಾಭ ಹೀಗೆ. ಸಿನಿಮಾ ಮುಗಿದಾಗ ಎಲ್ಲರ ಬಾಯಿಗೂ ಮೊದಲು ಬರುವುದು 'ಪುಸ್ತಕವೇ ಚೆನ್ನಾಗಿತ್ತು' ಎಂಬ ಮಾತು. ಆ ಮಾತಿನ ಮುಂದೆ ಯಾರೂ ಏನೂ ಹೇಳಲಾರರು, ಚರ್ಚೆ ಐದು ನಿಮಿಷಕ್ಕೆ ಸಾಯುತ್ತದೆ. ಆದರೆ ಚಿತ್ರಮಂದಿರವನ್ನು ನಿರ್ದೇಶಕರು ಎಂದಿಗೂ ಬಿಡಲಾರರು ಎಂದು ಬರೆದವರು, ಅದೇ ಮಾಯವಾಗಿರುವುದನ್ನು ಕಂಡಾಗ, ಯಾಕೆ ಹೋಯಿತು ಎಂದು ಕೇಳಿಯೇ ಕೇಳುತ್ತಾರೆ. ಚಿತ್ರಮಂದಿರದಲ್ಲಿ ಊರೆಲ್ಲ ಕತ್ತಲಲ್ಲಿ ಒಟ್ಟಿಗೆ ಕೂರುತ್ತದೆ. ಟಿ.ವಿ. ಒಬ್ಬಳ ಮನೆಯೊಳಗಿದೆ. ಆ ಮನೆಯ ಹೊಸ್ತಿಲು ದಾಟುವವರು ಯಾರು, ದಾಟದವರು ಯಾರು ಎಂಬ ಪ್ರಶ್ನೆಯೇ ಹೊಸ ಕಥೆಯಾಗುತ್ತದೆ. ಇಷ್ಟು ಮಾತು ಎದ್ದರೆ ಸಾಕು, ಕಾಫಿ ಆರಿಹೋಗುತ್ತದೆ.

ಕೊನೆಗೆ ಒಂದೇ ದೃಶ್ಯವನ್ನು, ಐದಾರು ನಿಮಿಷದಷ್ಟನ್ನು, ಧ್ವನಿ ಪೂರ್ತಿ ತಗ್ಗಿಸಿ ಮತ್ತೆ ಹಾಕಿ. ಮಾತು ಕೇಳದಿದ್ದಾಗ ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಮುಖವನ್ನು ತೋರಿಸುತ್ತಿಲ್ಲ ಎಂಬುದು ಕಾಣತೊಡಗುತ್ತದೆ. 'ಘಟಶ್ರಾದ್ಧ'ಕ್ಕೆ ಇದು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ದೊಡ್ಡವರ ಲೋಕವನ್ನು ನಾವು ನೋಡುವುದು ವೇದ ಕಲಿಯಲು ಬಂದ ಪುಟ್ಟ ಹುಡುಗನ ಕಣ್ಣಿನಿಂದ.

ಕೆಡುವುದು ಹೆಚ್ಚಾಗಿ ಸಲಕರಣೆಯಲ್ಲಿ. ಲ್ಯಾಪ್‌ಟಾಪಿನ ಸ್ಪೀಕರ್ ಎಂಟು ಜನರಿಗೆ ಸಾಲದು, ಹಳೆಯ ಚಿತ್ರಗಳ ಧ್ವನಿ ಮೊದಲೇ ಮಂಕು. ತಂತಿ ಜೋಡಿಸುವ ಸ್ಪೀಕರ್ ಬಳಸಿ. ಬ್ಲೂಟೂತ್ ಆದರೆ ಎಷ್ಟೋ ಸಲ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಪ್ರೊಜೆಕ್ಟರ್ ಇದ್ದರೂ ಸಂಜೆ ನಾಲ್ಕರ ಬೆಳಕಿನಲ್ಲಿ ಕಪ್ಪು ಬಿಳುಪು ಚಿತ್ರ ಬೂದಿಯಂತೆ ಕಾಣುತ್ತದೆ. 'ಘಟಶ್ರಾದ್ಧ' ಹಾಕುವುದಾದರೆ ಕಿಟಕಿಗೆ ದಪ್ಪ ಪರದೆ ಇರಲಿ, ಇಲ್ಲವೇ ಕತ್ತಲಾದ ಮೇಲೆ ಶುರು ಮಾಡಿ. ಅಂತರ್ಜಾಲದಲ್ಲಿ ಸಿಗುವ ಕೆಲವು ಪ್ರತಿಗಳಲ್ಲಿ ಚಿತ್ರದ ಅಂಚು ಕತ್ತರಿಸಿರುತ್ತದೆ, ಕೆಲವದರಲ್ಲಿ ನಡುವೆ ಹತ್ತು ನಿಮಿಷ ಕಾಣೆಯಾಗಿರುತ್ತದೆ. ಹಿಂದಿನ ದಿನವೇ ಒಬ್ಬರು ಆರಂಭ, ಮಧ್ಯ, ಕೊನೆ ಮೂರನ್ನೂ ಪರೀಕ್ಷಿಸಿಡಿ. ಎರಡು ಗಂಟೆಯ ಸಿನಿಮಾವನ್ನು ಎರಡು ವಾರಕ್ಕೆ ಹಂಚುವ ಯೋಚನೆ ಮಾತ್ರ ಮಾಡಬೇಡಿ. ಎರಡನೇ ವಾರಕ್ಕೆ ಬರುವವರು ಬೇರೆಯೇ ಇರುತ್ತಾರೆ.

ವಾರದ ದಿನದಲ್ಲಿ ಸೇರುವುದಾದರೆ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿ ಒಳ್ಳೆಯ ಆಯ್ಕೆ. ಆರ್.ಕೆ. ನಾರಾಯಣ್ ಅವರ ಚಿಕ್ಕ ಕಥೆಯೊಂದನ್ನು ಓದಿ ಅದರ ಕಂತು ನೋಡಿದರೆ ಒಂದೂವರೆ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ.

ಕಾದಂಬರಿಯೇ ಬೇಕೆನ್ನುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಅವರಿಗಾಗಿ ವರ್ಷಕ್ಕೊಮ್ಮೆ 'ನಾಗರಹಾವು' ಇಟ್ಟುಕೊಳ್ಳಿ. ಪುಟ್ಟಣ್ಣ ಕಣಗಾಲರ 1972ರ ಆ ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳು ಆಧಾರ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂವರು ಮೊದಲನೆಯದನ್ನು, ಮೂವರು ಎರಡನೆಯದನ್ನು, ಇಬ್ಬರು ಮೂರನೆಯದನ್ನು ಓದಿಬರಲಿ. ಯಾರಿಗೂ ಪೂರ್ತಿ ಕಥೆ ಗೊತ್ತಿರುವುದಿಲ್ಲ. ಸಿನಿಮಾ ನಡೆಯುವಾಗ 'ಇದು ನಮ್ಮ ಪುಸ್ತಕದ್ದು' ಎನಿಸಿದ ಕಡೆ ಆ ಗುಂಪು ಕೈ ಎತ್ತಬೇಕು. ಒಟ್ಟಿಗೆ ಎರಡು ಗುಂಪು ಕೈ ಎತ್ತಿದ ಕಡೆ ಸಿನಿಮಾ ನಿಲ್ಲಿಸಿ, ಎರಡೂ ಪುಸ್ತಕದ ಪುಟ ತೆರೆದು ಓದಿ. ಓದದವರು ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ, ಆದರೆ ಓದಬೇಕಾದದ್ದು ಮೂರರಲ್ಲಿ ಒಂದು ಪಾಲು ಮಾತ್ರ.

ಕವಿತೆಯಿಂದ ಚಿತ್ರಗೀತೆಗೆ

ಸಿನಿಮಾಕ್ಕಿಂತ ಇದು ಸುಲಭ, ಖರ್ಚೂ ಇಲ್ಲ, ನಗು ಹೆಚ್ಚು. ಸಿನಿಮಾ ಹಾಡೆಂದೇ ನಮಗೆ ಗೊತ್ತಿರುವ ಎಷ್ಟೋ ಸಾಲುಗಳು ಅದಕ್ಕೂ ಮೊದಲೇ ಕವಿತೆಯಾಗಿ ಅಚ್ಚಾದವು. ಬೇಂದ್ರೆಯವರ 'ಮೂಡಲ ಮನೆಯ' 'ಬೆಳ್ಳಿಮೋಡ'ದಲ್ಲಿದೆ, 'ಉತ್ತರ ಧ್ರುವದಿಂ' 'ಶರಪಂಜರ'ದಲ್ಲಿ, 'ಇಳಿದು ಬಾ ತಾಯಿ' 'ಅರಿಶಿನ ಕುಂಕುಮ'ದಲ್ಲಿ. ಕುವೆಂಪು ಅವರ 'ದೋಣಿ ಸಾಗಲಿ' 'ಮಿಸ್ ಲೀಲಾವತಿ'ಗೆ ಬಂತು. ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ'ಯನ್ನು 'ಅಮೆರಿಕ ಅಮೆರಿಕ' ಮನೆಮನೆಗೆ ಮುಟ್ಟಿಸಿತು.

ಆಟ ಹೀಗೆ. ಕವನಸಂಕಲನದಿಂದ ಕವಿತೆಯನ್ನು ಪೂರ್ತಿಯಾಗಿ ಕೈಬರಹದಲ್ಲಿ ನಕಲು ಮಾಡಿ, ಎಂಟು ಪ್ರತಿ ಮಾಡಿಸಿ. ಒಬ್ಬರು ಅದನ್ನು ರಾಗವಿಲ್ಲದೆ, ಬರೀ ಮಾತಿನ ಲಯದಲ್ಲಿ ಓದಬೇಕು. ರಾಗಕ್ಕೆ ಜಾರಿದ ಕೂಡಲೇ ಮುಂದಿನವರ ಸರದಿ. ಗೊತ್ತಿರುವ ಹಾಡನ್ನು ರಾಗ ಬಿಟ್ಟು ಓದುವುದು ಎಷ್ಟು ಕಷ್ಟವೆಂಬುದು ಎರಡನೇ ಸಾಲಿಗೇ ತಿಳಿಯುತ್ತದೆ, ಹೆಚ್ಚಿನವರು ನಾಲ್ಕನೇ ಸಾಲು ದಾಟುವುದಿಲ್ಲ. ಎಲ್ಲರೂ ಸೋತ ಮೇಲೆ ಹಾಡು ಹಾಕಿ, ಚಿತ್ರದಲ್ಲಿ ಯಾವ ಸಾಲು, ಯಾವ ಚರಣ ಉಳಿದಿದೆ, ಯಾವುದು ಮತ್ತೆ ಮತ್ತೆ ಬರುತ್ತದೆ ಎಂದು ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ. ಎಲ್ಲ ಸಾಲುಗಳೂ ಉಳಿದಿದ್ದರೆ ಪಲ್ಲವಿಯಾಗಿ ಯಾವುದನ್ನು ಆರಿಸಿಕೊಂಡರು ಎಂಬುದನ್ನು ಹಿಡಿದು ಮಾತಾಡಿ. ಕವಿತೆಗೆ ಪಲ್ಲವಿ ಇರಬೇಕೆಂದೇನೂ ಇಲ್ಲ, ಹಾಡಿಗೆ ಇಲ್ಲದೆ ನಡೆಯದು.

ಹಾಡಿನ ಸಾಹಿತ್ಯ ಹಾಕುವ ಅಂತರ್ಜಾಲ ತಾಣಗಳಿಂದ ಪಠ್ಯ ಎತ್ತಬೇಡಿ. ಅಲ್ಲಿರುವುದನ್ನು ಹೆಚ್ಚಾಗಿ ಹಾಡು ಕೇಳಿ ಬರೆದುಕೊಂಡಿರುತ್ತಾರೆ, ಬೇಂದ್ರೆಯವರ ಧಾರವಾಡದ ಮಾತು ಅಲ್ಲಿ ಬೆಂಗಳೂರಿನದಾಗಿಬಿಟ್ಟಿರುತ್ತದೆ. ಅಚ್ಚಾದ ಸಂಕಲನವೇ ಬೇಕು.

ಇದರ ಮುಂದಿನ ಹಂತ 'ಮೈಸೂರು ಮಲ್ಲಿಗೆ'. ಕೆ.ಎಸ್. ನರಸಿಂಹಸ್ವಾಮಿಯವರ ಸಂಕಲನ ಬಂದದ್ದು 1942ರಲ್ಲಿ. ಟಿ.ಎಸ್. ನಾಗಾಭರಣ ಅದರ ಕವಿತೆಗಳನ್ನೇ ಪೋಣಿಸಿ 1990ರ ದಶಕದ ಆರಂಭದಲ್ಲಿ ಸಿನಿಮಾ ಮಾಡಿದರು. ಬಿಡಿ ಬಿಡಿಯಾಗಿದ್ದ ಕವಿತೆಗಳು ಒಂದು ಕಥೆಯಾದವು. ನೀವೂ ಅದನ್ನೇ ಮಾಡಿ ನೋಡಿ. 'ರಾಯರು ಬಂದರು', ಬಳೆಗಾರ ಚೆನ್ನಯ್ಯನ ಹಾಡು, 'ಒಂದಿರುಳು ಕನಸಿನಲಿ' ಇವುಗಳ ಜೊತೆಗೆ ಸಂಕಲನದ ಇನ್ನೂ ಮೂರು ಕವಿತೆ ಆರಿಸಿ, ಆರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಎರಡು ತಂಡಗಳಿಗೆ ಕೊಡಿ. ಇಪ್ಪತ್ತು ನಿಮಿಷದಲ್ಲಿ ಅವನ್ನು ಒಂದು ಕ್ರಮಕ್ಕೆ ತಂದು, ಒಂದರಿಂದ ಇನ್ನೊಂದಕ್ಕೆ ದಾಟಲು ಎರಡೇ ವಾಕ್ಯದ ಕಥೆ ಕಟ್ಟಬೇಕು. ಎರಡು ತಂಡಗಳ ಕಥೆ ಒಂದೇ ಆಗುವುದು ತೀರ ಅಪರೂಪ. ಸಿನಿಮಾ ಹಾಕುವುದು ಆಮೇಲೆ.

ಕ್ವಿಜ್

ಕ್ವಿಜ್ ಕೆಡುವುದು ಪ್ರಶ್ನೆ ಬರೆಯುವಾಗಲೇ. 'ಕುವೆಂಪು ಅವರಿಗೆ ಜ್ಞಾನಪೀಠ ಬಂದದ್ದು ಯಾವ ವರ್ಷ?' ಎಂಬಂಥ ಪ್ರಶ್ನೆಗೆ ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಚಾವಣಿ ನೋಡುತ್ತಾರೆ. ಅದನ್ನೇ ತಿರುಗಿಸಿ ಹೀಗೆ ಕೇಳಿ: 'ಒಂದು ಕನ್ನಡ ಸಿನಿಮಾದಲ್ಲಿ ಬಡ ಹುಡುಗನೊಬ್ಬ ಒಂದು ಮಹಾಕಾವ್ಯವನ್ನು ಕೊಳ್ಳಲು ಕಾಸು ಕೂಡಿಡುತ್ತಾನೆ. ಆ ಕಾವ್ಯಕ್ಕೆ ಜ್ಞಾನಪೀಠ ಬಂದಿದೆ, ಆ ಹುಡುಗನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಕಾವ್ಯ ಯಾವುದು, ನಟ ಯಾರು?' ಸಿನಿಮಾ ನೋಡುವವರು 'ಬೆಟ್ಟದ ಹೂವು', ಪುನೀತ್ ರಾಜ್‌ಕುಮಾರ್ ಎಂದು ಆ ಕಡೆಯಿಂದ ಬರುತ್ತಾರೆ. ಓದುವವರು 'ಶ್ರೀ ರಾಮಾಯಣ ದರ್ಶನಂ' ಎಂದು ಈ ಕಡೆಯಿಂದ. ಇಬ್ಬರೂ ಸೇರಿದರೆ ಪೂರ್ತಿ ಉತ್ತರ. ಒಳ್ಳೆಯ ಪ್ರಶ್ನೆಗೆ ಹೀಗೆ ಎರಡು ಬಾಗಿಲು ಇರಬೇಕು.

ಇನ್ನೊಂದು: 'ಒಂದು ಸಿನಿಮಾ. ಮೂಲ ಕಾದಂಬರಿ ಬರೆದವರಿಗೂ ಜ್ಞಾನಪೀಠ, ಅದರಲ್ಲಿ ನಾಯಕನಾಗಿ ನಟಿಸಿ ಚಿತ್ರಕಥೆ ಬರೆದವರಿಗೂ ಜ್ಞಾನಪೀಠ. ಯಾವುದು?' ಉತ್ತರ 'ಸಂಸ್ಕಾರ'. ಅನಂತಮೂರ್ತಿ ಮತ್ತು ಗಿರೀಶ ಕಾರ್ನಾಡ್. ಗೊತ್ತಿಲ್ಲದವರೂ ಜ್ಞಾನಪೀಠದ ಪಟ್ಟಿ ನೆನಪಿಸಿಕೊಂಡು ಹತ್ತಿರ ಬರಬಲ್ಲರು.

ನಾಲ್ಕು ಸುತ್ತು, ಸುತ್ತಿಗೆ ಐದು ಪ್ರಶ್ನೆ ಸಾಕು. ಒಂದು ಸುತ್ತಿನಲ್ಲಿ ಶೀರ್ಷಿಕೆ ಮುಚ್ಚಿದ ಮುಖಪುಟಗಳು, ಒಂದರಲ್ಲಿ ಕಾದಂಬರಿಗಳ ಮೊದಲ ವಾಕ್ಯ. ತಂಡಕ್ಕೆ ಮೂರು ನಾಲ್ಕು ಜನ, ಎರಡೇ ತಂಡ. ಉತ್ತರ ಕೂಗುವುದು ಬೇಡ, ಬರೆದು ಕೊಡಬೇಕು. ಕೂಗಿದರೆ ಅದೇ ಇಬ್ಬರು ಭಾಷಣಕಾರರು ಇಲ್ಲೂ ಗೆಲ್ಲುತ್ತಾರೆ. ಪ್ರಶ್ನೆ ಮಾಡಿದವರು ಪ್ರತಿ ಉತ್ತರಕ್ಕೂ ಪುಸ್ತಕದ ಪುಟವನ್ನೋ ಚಿತ್ರದ ಹೆಸರುಗಳ ಪಟ್ಟಿಯನ್ನೋ ಕೈಯಲ್ಲಿಟ್ಟುಕೊಂಡಿರಲಿ. ಚಿತ್ರಗಳ ವರ್ಷದ ವಿಷಯದಲ್ಲಂತೂ ಸೆನ್ಸಾರ್ ಆದದ್ದೇ ಬೇರೆ, ತೆರೆಗೆ ಬಂದದ್ದೇ ಬೇರೆ ಆಗಿ ಜಗಳ ಎದ್ದೇ ಏಳುತ್ತದೆ. ವರ್ಷ ಕೇಳುವ ಪ್ರಶ್ನೆಯನ್ನೇ ಬಿಟ್ಟುಬಿಡಿ.

ಪುಸ್ತಕದ ಹೆಸರನ್ನು ಮೂಕಾಭಿನಯ ಮಾಡಿ ತೋರಿಸುವ ಆಟ ಮಕ್ಕಳು ಬಂದ ದಿನಕ್ಕೆ ಚೆನ್ನ, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಕೂತು ಓದುವ ನಾಟಕ

ವೇಷವಿಲ್ಲ, ರಂಗವಿಲ್ಲ, ಬಾಯಿಪಾಠವಿಲ್ಲ. ಪುಸ್ತಕ ಹಿಡಿದು ಪಾತ್ರ ಹಂಚಿಕೊಂಡು ಓದುವುದು, ಅಷ್ಟೇ. ಕಾರ್ನಾಡರ 'ತುಘಲಕ್' ನಾಟಕಕ್ಕೆ 13 ದೃಶ್ಯಗಳಿವೆ, ಪೂರ್ತಿ ಓದಲು ಹೋದರೆ ರಾತ್ರಿಯಾಗುತ್ತದೆ. ಮೂರು ದೃಶ್ಯ ಸಾಕು: ಮಸೀದಿಯ ಮುಂದೆ ಜನ ಮಾತಾಡಿಕೊಳ್ಳುವ ಮೊದಲನೆಯದು, ಚದುರಂಗದ ಲೆಕ್ಕ ಬಿಡಿಸಿ ಕೂತ ಸುಲ್ತಾನ ಮಲತಾಯಿಯೊಡನೆ ಮಾತಾಡುವ ಎರಡನೆಯದು, ರಾತ್ರಿ ದೌಲತಾಬಾದಿನ ಕೋಟೆಯ ಮೇಲೆ ನಡೆಯುವ ಎಂಟನೆಯದು. ನಗು ಬೇಕಾದರೆ ಮೋಸಗಾರ ಜೋಡಿ ಅಜೀಜ್ ಮತ್ತು ಆಜಮ್ ಇರುವ ದೃಶ್ಯವೊಂದನ್ನು ಸೇರಿಸಿಕೊಳ್ಳಿ.

ರಂಗಸೂಚನೆಗಳನ್ನು ಓದಲು ಒಬ್ಬರನ್ನೇ ನೇಮಿಸಿ. ಆ ಕೆಲಸ ಯಾರಿಗೂ ಕೊಡದಿದ್ದರೆ ಯಾರು ಬಂದರು, ಯಾರು ಹೋದರು ಎಂಬುದೇ ಕೇಳುವವರಿಗೆ ತಿಳಿಯುವುದಿಲ್ಲ. ಒಬ್ಬರೇ ಎರಡು ಪಾತ್ರ ಓದಬೇಕಾದಾಗ, ಆ ಎರಡು ಪಾತ್ರಗಳು ಒಂದೇ ದೃಶ್ಯದಲ್ಲಿ ಎದುರುಬದುರಾಗದಂತೆ ಹಂಚಿ. ಎಂಟು ಜನಕ್ಕೆ ನಾಲ್ಕು ಪ್ರತಿ ಪುಸ್ತಕವಿದ್ದರೆ ನಡೆಯುತ್ತದೆ, ಎರಡೇ ಇದ್ದರೆ ಪುಸ್ತಕ ಕೈಗೆ ಬರುವಷ್ಟರಲ್ಲಿ ಮಾತಿನ ಬಿಸಿ ಆರಿರುತ್ತದೆ. ಕೈಲಾಸಂ ನಾಟಕಗಳನ್ನು ಎತ್ತಿಕೊಂಡರೆ ಇಂಗ್ಲಿಷ್ ಬೆರೆತ ಆ ಮಾತನ್ನು ವೇಗವಾಗಿ ಓದಬೇಕು. ನಿಧಾನಿಸಿದರೆ ಹಾಸ್ಯ ಸಾಯುತ್ತದೆ, ಅದಕ್ಕಾಗಿ ಮಾತ್ರ ಒಂದು ಸಲ ಮೊದಲೇ ಓದಿಕೊಳ್ಳಿ.

ತಿರುಗಾಟ

ಶಿವಮೊಗ್ಗದವರಿಗೆ ಈ ವಿಷಯದಲ್ಲಿ ಹೊಟ್ಟೆಕಿಚ್ಚು ಪಡುವಷ್ಟು ಅನುಕೂಲವಿದೆ. 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ರೈಲು ನಿಲ್ದಾಣವಾಗಿ ಕಾಣುವುದು ಅರಸಾಳು, ಊರಾಗಿ ಕಾಣುವುದು ಆಗುಂಬೆ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಸಂಗ್ರಹಾಲಯ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ, ಮೇಲೆ ಕವಿಶೈಲವೆಂಬ ಬಂಡೆಗುಡ್ಡ, ಹತ್ತಿರದಲ್ಲೇ ತೇಜಸ್ವಿಯವರ ಸ್ಮಾರಕ. ಬೆಳಗ್ಗೆ ಏಳಕ್ಕೆ ಹೊರಟರೆ ಅರಸಾಳು ನೋಡಿ, ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ, ಕುಪ್ಪಳಿಗೆ ಹೋಗಿ, ಸೂರ್ಯ ಮುಳುಗುವ ಹೊತ್ತಿಗೆ ಆಗುಂಬೆ ಮುಟ್ಟಬಹುದು. ಅವಸರವಾಗುತ್ತದೆ ಅನಿಸಿದರೆ ಅರಸಾಳನ್ನು ಇನ್ನೊಂದು ದಿನಕ್ಕೆ ಬಿಡಿ, ಕವಿಶೈಲದ ಸಮಯಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಪ್ರತಿ ಜಾಗದಲ್ಲೂ ಎರಡು ಪುಟ ಗಟ್ಟಿಯಾಗಿ ಓದಿ, ಅದಕ್ಕಿಂತ ಹೆಚ್ಚು ಬೇಡ. ಬಯಲಲ್ಲಿ ಗಾಳಿಗೆ ದನಿ ಹಾರಿಹೋಗುತ್ತದೆ, ನಿಂತವರ ಕಾಲು ನೋಯುತ್ತದೆ. ಕವಿಶೈಲದಲ್ಲಿ ಕುವೆಂಪು ಅವರು ಆ ಬಂಡೆಯ ಬಗ್ಗೆಯೇ ಬರೆದ ಸಾಲುಗಳನ್ನು ಓದಿ. 'ಮಾಲ್ಗುಡಿ ಡೇಸ್' ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆ ಜನ ವಾಸವಿರುವ ಮನೆ ಎಂಬುದು ನೆನಪಿರಲಿ. ಕೇಳಿಯೇ ಒಳಗೆ ಹೋಗಬೇಕು, ಎಂಟು ಜನ ಒಮ್ಮೆಲೇ ನುಗ್ಗಿ ಫೋಟೊ ಹೊಡೆಯುವುದಲ್ಲ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಆಗುಂಬೆಯಲ್ಲಿ ಸೂರ್ಯಾಸ್ತ ಕಾಣುವುದಿಲ್ಲ, ಉಂಬಳ ಮಾತ್ರ ಹತ್ತುತ್ತವೆ.

ಗ್ರಂಥಾಲಯದಲ್ಲಿ ನಡೆಸುವುದಾದರೆ

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಗೆಳೆಯರು ಮನೆಯ ಹಜಾರದಲ್ಲಿ ಕೂತು ಸಿನಿಮಾ ನೋಡುವುದು ಒಂದು, ಪ್ರಕಟಣೆ ಹಾಕಿ ಸಭಾಂಗಣದಲ್ಲಿ ಊರಿಗೆಲ್ಲ ತೋರಿಸುವುದು ಇನ್ನೊಂದು. ಎರಡನೆಯದಕ್ಕೆ ಟಿಕೆಟ್ ಇಲ್ಲದಿದ್ದರೂ ಚಿತ್ರದ ಹಕ್ಕುದಾರರ ಅನುಮತಿ ಬೇಕು. ಒ.ಟಿ.ಟಿ. ಚಂದಾ ಕಟ್ಟಿದ್ದೇವೆ ಎಂಬುದು ಅನುಮತಿಯಾಗದು, ಆ ಚಂದಾ ಮನೆಯ ಬಳಕೆಗೆ ಮಾತ್ರ. ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ಸಾಹಿತ್ಯ ಕೃತಿಯದು ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ.

ನಾಟಕ, ಕವಿತೆ, ಕಥೆಗಳ ವಿಷಯದಲ್ಲಿ ಕಾನೂನು ಹೆಚ್ಚು ಉದಾರ. ಹವ್ಯಾಸಿ ಸಂಘವೊಂದು ಹಣ ಪಡೆಯದೆ, ಉಚಿತವಾಗಿ ಬಂದ ಪ್ರೇಕ್ಷಕರ ಮುಂದೆ ಅವನ್ನು ಪ್ರಸ್ತುತಪಡಿಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಪ್ರವೇಶಶುಲ್ಕ ಇಟ್ಟರೆ ಈ ರಿಯಾಯಿತಿ ಹೋಯಿತು. ಪುಸ್ತಕವನ್ನು ಪುಟಗಟ್ಟಲೆ ಜೆರಾಕ್ಸ್ ಮಾಡಿ ಹಂಚುವುದಕ್ಕೂ ಇದು ಅನ್ವಯಿಸದು.

ಆದ್ದರಿಂದ ಗ್ರಂಥಾಲಯಕ್ಕೆ ನಾಟಕದ ಓದು, ಕವಿತೆಯ ಆಟ, ಕ್ವಿಜ್ ಇವನ್ನು ಒಯ್ಯಿರಿ. ಸಿನಿಮಾ ಮನೆಯಲ್ಲೇ ಇರಲಿ. ಗ್ರಂಥಪಾಲಕರನ್ನು ಹದಿನೈದು ದಿನ ಮೊದಲೇ ಕಂಡು, ಆ ತಿಂಗಳ ಪುಸ್ತಕದ ಎಷ್ಟು ಪ್ರತಿ ಅವರಲ್ಲಿವೆ ಎಂದು ಕೇಳಿ, ಕಾರ್ಯಕ್ರಮದ ದಿನ ಅವನ್ನು ಬಾಗಿಲ ಬಳಿ ಒಂದು ಮೇಜಿನ ಮೇಲೆ ಇಡಿಸಿ. ಹೊರಗೆ ಹೋಗುವಾಗ ಎರವಲು ಪಡೆಯುವಂತಿದ್ದರೆ, ಓದದೆ ಬಂದವರಲ್ಲಿ ಇಬ್ಬರಾದರೂ ಅದನ್ನು ಕೈಯಲ್ಲಿ ಹಿಡಿದು ಮನೆಗೆ ಹೋಗುತ್ತಾರೆ.